ರಕ್ತ ಕಾಣದ ಪೆಟ್ಟು

ತೊಂಬತ್ತಾರನೆಯ ಇಸವಿಯಲ್ಲಿ ಪೀಣ್ಯದ ಕಾರ್ಖಾನೆಗಳ ನಡುವೆ ಇನ್ನೂ ಒಂದಿಷ್ಟು ಬಯಲು ಉಳಿದಿತ್ತು. ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಅಲ್ಲಿ ಹುಡುಗಿಯರು ಏಳೇಳು ಮಂದಿಯಾಗಿ ರಗ್ಬಿ ಆಡುತ್ತಿದ್ದರು. ಓಡುವುದು ಮುಂದಕ್ಕೆ, ಕೈಯಿಂದ ಚೆಂಡು ಕೊಡುವುದು ಮಾತ್ರ ಹಿಂದಿದ್ದವಳಿಗೆ. ಲೇತ್ ಕೆಲಸಗಾರ ಲಕ್ಷ್ಮಣಪ್ಪನ ಮಗಳು ಪ್ರಿಯಾಂಕಾ ಚೆಂಡನ್ನು ಎದೆಗವಚಿಕೊಂಡು ಓಡಿದಳೆಂದರೆ, ಊರಿನ ಹಿರಿಯರು ಬೀಡಿ ಹಚ್ಚುವುದನ್ನೂ ಮರೆತು ನೋಡುತ್ತಿದ್ದರು.

ಒಂದು ಶನಿವಾರ ಎದುರಾಳಿಯ ಮೊಣಕಾಲು ಅವಳ ತಲೆಗೆ ಬಲವಾಗಿ ಬಡಿಯಿತು. ಮರುದಿನವೇ ರಾಜ್ಯ ತಂಡದ ಆಯ್ಕೆ. ಮನೆಗೆ ಬಂದವಳು ಒಮ್ಮೆ ವಾಂತಿ ಮಾಡಿಕೊಂಡು ಗೋಡೆಗೊರಗಿ ಕುಳಿತಳು.

"ಅಪ್ಪಾ, ಆಯ್ಕೆ ನಾಳೇನಾ?"

"ಮೂರು ಸಲ ಕೇಳ್ದೆ ಕಣವ್ವ. ಅದೆಲ್ಲೂ ಓಡೋಗಲ್ಲ," ಎಂದು ಲಕ್ಷ್ಮಣಪ್ಪ ನಕ್ಕ. ಮಗಳಿಗೆ ಆತುರವೆಂದೇ ಅವನೆಣಿಕೆ.

ಪಕ್ಕದ ಮನೆಯ ಅನುಸೂಯಮ್ಮ ಕಾರ್ಖಾನೆಯೊಂದರ ದವಾಖಾನೆಯಲ್ಲಿ ನರ್ಸ್. ಹಾಲಿಗೆ ಹೆಪ್ಪು ಕೇಳಲು ಬಂದವಳು ಆ ಮಾತು ಕೇಳಿ ಬಾಗಿಲಲ್ಲೇ ನಿಂತಳು. ನಡೆದದ್ದನ್ನು ವಿಚಾರಿಸಿ ಹೇಳಿದಳು: "ಅಣ್ಣ, ಈಗಲೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ನಾಳೆ ಆಟ ಬೇಡ."

"ರಕ್ತ ಬಂದಿಲ್ಲ, ಊತಾನೂ ಇಲ್ಲ. ವಾಂತಿ ಮಧ್ಯಾಹ್ನ ತಿಂದ ಬೋಂಡದ್ದು. ಇಷ್ಟಕ್ಕೆಲ್ಲ ಓಡ್ಬಂದ್ರೆ ನಿಮ್ ಡಾಕ್ಟ್ರಿಗೆ ಊಟಕ್ಕೂ ಪುರುಸೊತ್ತು ಇರಾಕಿಲ್ಲ ನರ್ಸಮ್ಮ."

"ತಮಾಷೆ ಸಾಕು. ನಿಮ್ಮ ಲೇತಲ್ಲಿ ತಿರುಗೋ ಸ್ಪಿಂಡಲ್‌ಗೆ ಏಟು ಬಿದ್ರೆ ಏನ್ಮಾಡ್ತೀರಾ?"

"ಮಿಷನ್ ಆಫ್ ಮಾಡಿ, ಡಯಲ್ ಇಟ್ಟು ಕೂದಲೆಳೆಯಷ್ಟಾದ್ರೂ ಸೊಟ್ಟ ಆಗೈತಾ ಅಂತ ಅಳೀತೀವಿ."

"ಹೊರಗೆ ಏನೂ ಕಾಣದಿದ್ರೂ?"

"ಕಣ್ಣಿಗೆ ಕಾಣಲ್ಲ ಅಂತಾನೇ ಅಲ್ವಾ ಡಯಲ್..." ಲಕ್ಷ್ಮಣಪ್ಪ ಅರ್ಧಕ್ಕೇ ನಿಲ್ಲಿಸಿದ.

"ಅಪ್ಪಾ, ಆಯ್ಕೆ ನಾಳೇನಾ?" ಎಂದಳು ಪ್ರಿಯಾಂಕಾ.

ಈ ಸಲ ಅವನು ನಗಲಿಲ್ಲ. ಚಪ್ಪಲಿ ಮೆಟ್ಟಿ ಆಟೋ ತರಲು ಹೊರಟ.

ವೈದ್ಯರು ಪರೀಕ್ಷಿಸಿ, ಮರುದಿನದವರೆಗೆ ಆಸ್ಪತ್ರೆಯಲ್ಲೇ ಇರಿಸಿಕೊಂಡರು. "ಒಳಗೆ ಮಿದುಳಿಗೆ ಪೆಟ್ಟಾಗಿದೆ. ಇದು ವಾಸಿಯಾಗೋ ಮುಂಚೆ ಇನ್ನೊಂದು ಪೆಟ್ಟು ಬಿದ್ರೆ ಪ್ರಾಣಕ್ಕೇ ಅಪಾಯ. ನಾನು ಹೇಳೋವರೆಗೂ ಆಟ ಇಲ್ಲ," ಎಂದರು. ಆ ವರ್ಷದ ಆಯ್ಕೆ ಕೈತಪ್ಪಿತು. ಮಗಳು ನಾಲ್ಕು ದಿನ ತಂದೆಯೊಡನೆ ಮಾತು ಬಿಟ್ಟಳು. ಮರುವರ್ಷ ತಂಡ ಸೇರಿದಳು; ಒಂಬತ್ತು ವರ್ಷ ಆಡಿದಳು. ಇಂದು ಆ ಬಯಲಿನ ಮೇಲೆ ಗೋದಾಮು ಎದ್ದಿದೆ. ಮುಪ್ಪಿನ ಲಕ್ಷ್ಮಣಪ್ಪನ ಹೆಜ್ಜೆ ಮಾತ್ರ ಆ ತಿರುವಿಗೆ ಬಂದಾಗ ತಾನಾಗಿಯೇ ನಿಧಾನವಾಗುತ್ತದೆ. ಕಿವಿ ಆಡುವ ಹುಡುಗಿಯರ ಹಳೆಯ ಕೂಗನ್ನು ಅರಸುತ್ತದೆ.

ತಂದೆತಾಯಂದಿರೇ, ಹೆಣ್ಣುಮಕ್ಕಳನ್ನು ಧಾರಾಳವಾಗಿ ಆಡಲು ಬಿಡಿ. ಆದರೆ ತಲೆಗೆ ಪೆಟ್ಟು ಬಿದ್ದ ಕ್ಷಣವೇ ಅವರನ್ನು ಮೈದಾನದಿಂದ ಹೊರಗೆ ಕರೆತನ್ನಿ. ತಲೆನೋವು, ವಾಂತಿ, ಮಂಪರು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಒಪ್ಪುವವರೆಗೆ ಮತ್ತೆ ಆಡಿಸಬೇಡಿ. ಆಯ್ಕೆ ಮುಂದಿನ ವರ್ಷವೂ ನಡೆಯುತ್ತದೆ; ಮಗಳು ಇರುವವಳು ಒಬ್ಬಳೇ.