ಕೈ ಕುಲುಕಿದ ಮೇಲೆ ಕೂಲಿ

ತಾಷ್ಕೆಂಟಿನ ಆ ಮೇಲ್ಸೇತುವೆಯ ಕೆಳಗೆ ಬೆಳಗಾದರೆ ಕೂಲಿಯವರ ಸಂತೆ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಗೋಡೆಗೆ ಗಾರೆ ಮೆತ್ತುವುದರಲ್ಲಿ ಹೋಸಿಯತ್ ಯಾವ ಗಂಡಸಿಗೂ ಕಡಿಮೆಯವಳಲ್ಲ. ಆದರೂ ಹೋದ ವಾರ ಗೋಡೆಯ ಆ ಬದಿ ಮೆತ್ತಿದ ಸಮಂದರನಿಗೆ ಎರಡು ಲಕ್ಷ ಸೋಮ್, ಈ ಬದಿ ಮೆತ್ತಿದ ಇವಳಿಗೆ ಒಂದೂವರೆ. ಇವತ್ತು ಗಂಡಸರ ಕೂಲಿ ಸಿಗದೆ ಕದಲುವುದಿಲ್ಲ ಎಂದು ಹಟ ಹಿಡಿದು ನಿಂತಿದ್ದಳು.

ಯಾಕೆ ಹೀಗೆ ಅನ್ನುವುದೇನೂ ಗುಟ್ಟಲ್ಲ. ಗಂಡಸರ ವ್ಯವಹಾರದಲ್ಲಿ ದಲ್ಲಾಳಿ ತುರ್ದಿಯಾಲಿ ನಡುವೆ ನಿಂತು, ಕೆಲಸ ಕೊಡುವವನ ಕೈಯೊಳಗೆ ಕೂಲಿಯವನ ಕೈ ಸೇರಿಸಿ, ದರ ಕುದುರುವ ತನಕ ಕೈಪಂಪು ಒತ್ತಿದ ಹಾಗೆ ಎತ್ತಿ ಇಳಿಸುತ್ತಾನೆ. ತೋಳು ನೋಯತೊಡಗಿದರೆ ಎಂಥ ಜಿಪುಣನೂ ಹತ್ತು ಸಾವಿರ ಏರುತ್ತಾನೆ. ಪರ ಹೆಂಗಸಿನ ಕೈ ಹಿಡಿಯುವವರು ಯಾರು? ಅವರಿಗೆ ಬಂದವನು ಹೇಳಿದ್ದೇ ದರ.

ಇವತ್ತು ಬಂದವನು ಎರ್ಗಶ್. ಮಗಳ ಮದುವೆಗೆ ಮುಂಚೆ ಅವನ ಮನೆಯ ಎರಡು ಕೋಣೆಗಳಿಗೆ ಗಾರೆಯಾಗಬೇಕಿತ್ತು.

"ಬರ್ತೀಯೇನಮ್ಮ? ಒಂದೂವರೆ ಕೊಡ್ತೀನಿ."

"ಎರಡು ಕೊಡಿ ಅಣ್ಣ."

"ಅದು ಗಂಡಸರ ರೇಟು."

"ಮೆತ್ತಿದ್ದು ಗಂಡೋ ಹೆಣ್ಣೋ ಅಂತ ಗೋಡೆಗೇನು ಗೊತ್ತಾಗುತ್ತೆ?"

ಎರ್ಗಶ್ ಬೆನ್ನು ತಿರುಗಿಸಿ ಹೊರಟೇಬಿಟ್ಟ. ಹೋಸಿಯತ್ ಅವನನ್ನು ಕೂಗಿ ನಿಲ್ಲಿಸಿದಳು. ಏನು ತೋಚಿತೋ, ಸುಣ್ಣ ಬಳಿಯುವ ಕುಂಚವನ್ನು ಚೀಲದಿಂದ ಎಳೆದು, ಅದರ ಉದ್ದನೆಯ ಹಿಡಿಯನ್ನು ಅವನತ್ತ ಚಾಚಿದಳು.

"ಹಿಡೀರಿ ಅಣ್ಣ. ಇದನ್ನೇ ನನ್ನ ಕೈ ಅಂದ್ಕೊಳ್ಳಿ."

ಸುತ್ತಲಿದ್ದವರೆಲ್ಲ ಹೋ ಎಂದರು. ಆ ಕಡೆಯಿಂದ ಸಮಂದರ್ ಕೂಗಿದ: "ಹಿಡೀರಿ ಯಜಮಾನ್ರೇ, ಅದೇನು ಕಚ್ಚಲ್ಲ!"

ಎರ್ಗಶ್ ಸಂಕೋಚದಿಂದಲೇ ತುದಿ ಹಿಡಿದ. ತುರ್ದಿಯಾಲಿಗೆ ಸುಮ್ಮನಿರಲಾಗಲಿಲ್ಲ, ಎಷ್ಟೆಂದರೂ ದಲ್ಲಾಳಿಯ ರಕ್ತ. ನಡುವೆ ನುಗ್ಗಿ ಕೋಲನ್ನು ಎತ್ತಿ ಇಳಿಸತೊಡಗಿದ.

"ಲಕ್ಷದ ಅರವತ್ತು ಸಾವಿರ!" ಎಂದ ಎರ್ಗಶ್.

"ಎರಡು!"

"ಎಪ್ಪತ್ತು!"

"ಎರಡು!"

"ಅಯ್ಯೋ, ಇವಳು ಇಳಿಯೋದೇ ಇಲ್ವಲ್ಲಯ್ಯ!"

"ನೀವೇ ಹತ್ತಿ ಬನ್ನಿ ಅಣ್ಣ, ಮೇಲೆ ಗಾಳಿ ಚೆನ್ನಾಗಿದೆ."

ಎರ್ಗಶನಿಗೂ ನಗು ತಡೆಯಲಾಗಲಿಲ್ಲ. ತುರ್ದಿಯಾಲಿ ಮಾತ್ರ ಬಿಡುವವನಲ್ಲ, ಇನ್ನಷ್ಟು ಜೋರಾಗಿ ಕುಲುಕಿದ.

"ಬಿಡು ಮಾರಾಯ, ತೋಳು ಕಳಚಿ ಬಂತು! ಎರಡೇ ಆಯ್ತು!"

"ಬರಕತ್ತಾಗಲಿ!" ಎಂದು ಹರಸಿ ತುರ್ದಿಯಾಲಿ ಹಣೆ ಒರೆಸಿಕೊಂಡ. ಹೆಂಗಸರ ಸಾಲಿನಿಂದ ಆಗಲೇ ಅವನನ್ನು ಕರೆಯುವ ದನಿಗಳು ಎದ್ದಿದ್ದವು.

ಹೋಸಿಯತ್ ಎರ್ಗಶನ ವ್ಯಾನು ಹತ್ತಿ ಮುಂದಿನ ಸೀಟಿನಲ್ಲೇ ಕುಳಿತಳು.

"ಮಧ್ಯಾಹ್ನ ಪಲಾವ್ ಇದೆ ತಾನೇ ಅಣ್ಣ?"

"ಅದಕ್ಕೂ ಚೌಕಾಸಿನಾ ತಾಯಿ?"

"ಛೇ, ಇಲ್ಲಪ್ಪ. ಮಾಂಸ ಸ್ವಲ್ಪ ಕಣ್ಣಿಗೆ ಕಾಣೋ ಹಾಗಿರ್ಲಿ, ಸಾಕು."