ನಲವತ್ತನೆಯವನು

ಹಿರೇಗುಂಟನೂರಿನ ಪುಟ್ಟ ಚರ್ಚಿನಲ್ಲಿ ಜನರನ್ನು ಎಣಿಸುತ್ತಿರಲಿಲ್ಲ, ಚಪ್ಪಲಿಗಳನ್ನು ಎಣಿಸುತ್ತಿದ್ದರು.

ಇದಕ್ಕೆ ಕಾರಣ ಬರಗೇರಮ್ಮ. ಹುಟ್ಟಿದಾಗ ಇಟ್ಟದ್ದು ಆ ಸೀಮೆಯ ಗ್ರಾಮದೇವತೆಯ ಹೆಸರು, ದೀಕ್ಷಾಸ್ನಾನದ ದಿನ ಇಟ್ಟದ್ದು ಮಾರ್ಥಮ್ಮ. ಸದಸ್ಯರ ಪಟ್ಟಿಯಲ್ಲಿ ಇವತ್ತಿಗೂ ಮಾರ್ಥಮ್ಮನೇ ಇದ್ದಾರೆ. ಆದರೆ ಆ ಹೆಸರು ಹಿಡಿದು ಕೂಗಿದರೆ ಸ್ವತಃ ಬರಗೇರಮ್ಮನೂ ತಿರುಗಿ ನೋಡುವುದಿಲ್ಲ. ಹಿಂದೆ ಒಬ್ಬ ರಾಜ ಸೊಕ್ಕಿನಿಂದ ತನ್ನ ಜನರ ತಲೆ ಎಣಿಸಿದ್ದಕ್ಕೆ ದೇವರು ಸಿಟ್ಟಾಗಿ ದೇಶಕ್ಕೇ ದೊಡ್ಡ ಬೇನೆ ಕಳಿಸಿದ ಕತೆಯನ್ನು ಅವರು ಯಾವುದೋ ಪಾದ್ರಿಯ ಬಾಯಲ್ಲಿ ಕೇಳಿದ್ದರು. ಬೇರೆ ಪ್ರಸಂಗಗಳೆಲ್ಲ ಮರೆತರೂ ಇದು ಮರೆತಿರಲಿಲ್ಲ. ಯಾರಾದರೂ ಬೆರಳು ಆಡಿಸುತ್ತ ತಲೆ ಎಣಿಸಲು ಶುರು ಮಾಡಿದರೆ ಸಾಕು, ಅವರು ಸೆರಗನ್ನು ಗಲ್ಲದವರೆಗೆ ಎಳೆದುಕೊಂಡು ತಲೆ ಬಗ್ಗಿಸುತ್ತಿದ್ದರು. ಅವರ ಹಿಂದೆಯೇ ಉಳಿದ ಹೆಂಗಸರೂ.

ಮೋನಿಕಾ ಚರ್ಚಿನ ಸಭೆಯ ಕಾರ್ಯದರ್ಶಿಯಾದ ಮೇಲೆ ಚಪ್ಪಲಿ ಲೆಕ್ಕವನ್ನು ಒಂದು ಶಿಸ್ತಿಗೆ ತಂದಳು. ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅಳತೆ ಎಂದ ಮೇಲೆ ದೋಷ ಇದ್ದೇ ಇರುತ್ತದೆ, ಆ ದೋಷ ಎಷ್ಟೆಂದು ಗೊತ್ತಿದ್ದರೆ ಆಯಿತು ಎನ್ನುವುದು ಅವಳ ನಂಬಿಕೆ. ಕಂಕುಳ ಕೂಸಿಗೆ ಚಪ್ಪಲಿ ಇರುವುದಿಲ್ಲ, ಹೊಲದಿಂದ ನೇರ ಬಂದವರೂ ಕೆಲವೊಮ್ಮೆ ಬರಿಗಾಲಲ್ಲಿರುತ್ತಾರೆ. ಅಂಥವರನ್ನು ಸೇರಿಸಿ, ಪಾದ್ರಿಗಳ ಜೋಡಿಯನ್ನು ಕಳೆದು, ಅವಳು ಪ್ರತಿ ಭಾನುವಾರ ಒಂದು ನಂಬಿಕಸ್ಥ ಸಂಖ್ಯೆಗೆ ಬರುತ್ತಿದ್ದಳು.

ದುರ್ಗದ ವಲಯ ಕಚೇರಿಗೆ ಈ ಲೆಕ್ಕ ಹಿಡಿಸಲಿಲ್ಲ. ಇನ್ನು ಮುಂದೆ ಹಾಜರಿಯನ್ನು ಮೊಬೈಲಿನ ಆ್ಯಪ್ ಎಣಿಸುತ್ತದೆ, ಸಂಚಾಲಕರು ಬಂದ ಭಾನುವಾರ ನಲವತ್ತು ಮುಖ ಕಾಣದ ಸಭೆಯನ್ನು ದುರ್ಗದ ಸಭೆಗೆ ಸೇರಿಸಲಾಗುವುದು ಎಂದು ಸುತ್ತೋಲೆ ಬಂತು. ಸೇರಿಸುವುದು ಎಂದರೆ ಇಲ್ಲಿ ಬಾಗಿಲು ಹಾಕುವುದು. ಪ್ರಾಯದವರು ಬೈಕ್ ಹತ್ತಿ ದುರ್ಗಕ್ಕೆ ಹೋಗಿ ಬರಬಹುದು. ಮೊಣಕಾಲು ಮಡಚಲಾಗದ ಬರಗೇರಮ್ಮನಿಗೆ ಬಸ್ಸಿನ ಮೆಟ್ಟಿಲೇ ದುರ್ಗದ ಕೋಟೆ.

"ಈ ಗುಡಿಗೆ ಗಾರೆ ಕಲಸಿದ್ದು ನಾನು, ನಮ್ಮ ಯಜಮಾನ್ರು," ಎಂದರು ಬರಗೇರಮ್ಮ, ಸುತ್ತೋಲೆ ಓದಿ ಹೇಳಿದಾಗ. ಚರ್ಚನ್ನು ಅವರು ಗುಡಿ ಎಂದೇ ಕರೆಯುತ್ತಿದ್ದರು. "ಬೀಗ ಹಾಕಾದಾದ್ರೆ ನನ್ನ ಒಳಗ ಬಿಟ್ಟು ಹಾಕಲಿ."

"ಹಂಗೇನೂ ಆಗಲ್ಲ ಅಜ್ಜಿ. ನಮ್ಮ ಜನ ನಲವತ್ತರ ಮೇಲೇ ಅವ್ರೆ. ಆದ್ರೆ ಅವತ್ತೊಂದಿನ ನೀವೆಲ್ಲ ಮುಖ ಎತ್ತಬೇಕು."

"ಎಣಿಸಾಕಾ?"

"ಹೂಂ."

"ಆಗಲ್ಲ, ಮಗ."

ಆ ಭಾನುವಾರ ಸಂಚಾಲಕ ನಿರಂಜನ್ ಬಿಳಿ ಕಾರಿನಲ್ಲಿ ಬಂದಿಳಿದರು. ಚರ್ಚಿನ ಬೇವಿನ ಮರದಡಿ ಕುರಿ ಮಲಗಿಸಿಕೊಂಡಿದ್ದ ಪಾಲಯ್ಯ ಎದ್ದು ನಿಂತ. ಅವನು ಚರ್ಚಿನವನಲ್ಲ, ಆದರೆ ಭಾನುವಾರದ ನೆರಳು ಅವನದೇ.

"ಏನ್ ಮೇಡಂ, ನಿಮ್ಮ ಕುರಿ ಎಣಿಸಾಕೆ ಬಂದೋರಾ ಇವ್ರು? ನಾವಾದ್ರೆ ಎಣಿಸಲ್ಲಪ್ಪ. ಎಣಿಸಿದ್ರೆ ಕಮ್ಮಿ ಆಗ್ತವೆ."

"ಸುಮ್ನಿರು ಪಾಲಯ್ಯ, ನಮಗೆ ಹೆಚ್ಚಾಗಬೇಕಾಗೈತೆ."

"ಕಮ್ಮಿ ಬಿದ್ರೆ ನಾನೇ ಬಂದು ಕುಂತ್ಕಂತೀನಿ ಬಿಡ್ರಿ."

ಜಗುಲಿಯಲ್ಲಿ ಚಪ್ಪಲಿ ಕಳಚುತ್ತಿದ್ದ ಬರಗೇರಮ್ಮ ಅಲ್ಲಿಂದಲೇ ಕೈಯಾಡಿಸಿದರು. "ಬ್ಯಾಡಪ್ಪೋ ಪುಣ್ಯಾತ್ಮ! ಮೊದಲೇ ಕಾಲ ಸರಿ ಇಲ್ಲ. ನೀನು ಒಳಗ ಬಂದು ಕುಂತ್ರೆ, ಮತಾಂತರ ಅಂತ ಎಣಿಸಾಕೆ ಇನ್ಯಾರೋ ಬರ್ತಾರೆ."

ಪಾಲಯ್ಯ ನಕ್ಕು ಮತ್ತೆ ಕುಳಿತ. ಆ ಮಾತಿಗೆ ನಿರಂಜನ್ ಮಾತ್ರ ನಗಲಿಲ್ಲ.

ಆರಾಧನೆ ಮುಗಿದ ಮೇಲೆ ನಿರಂಜನ್ ವೇದಿಕೆಯ ಮೇಲೆ ನಿಂತು ಮೊಬೈಲ್ ಎತ್ತಿ ಹಿಡಿದರು. ಸಂಬಳ ತೆಗೆದುಕೊಳ್ಳುವವರು ಲೆಕ್ಕಕ್ಕಿಲ್ಲ ಎಂಬ ನಿಯಮದಂತೆ ಪಾದ್ರಿಗಳನ್ನು ತಮ್ಮ ಪಕ್ಕಕ್ಕೆ ಕರೆದುಕೊಂಡರು. "ಎಲ್ಲಾ ಇಲ್ಲಿ ನೋಡಿ, ಒಂದ್ಸಲ ನಗಿ," ಎಂದರು. ಗಂಡಸರು, ಮಕ್ಕಳು, ಮುಂದಿನ ಸಾಲಿನಲ್ಲಿದ್ದ ಮೋನಿಕಾ, ಎಲ್ಲರೂ ನಕ್ಕರು. ಎಡಗಡೆ ಕುಳಿತಿದ್ದ ಹಿರಿಯ ಹೆಂಗಸರ ಸೆರಗುಗಳು, ಗಾಳಿಗೆ ಜೋಳದ ಬೆಳೆ ಬಾಗಿದಂತೆ, ಒಟ್ಟಿಗೇ ಕೆಳಗಿಳಿದವು.

"ಮೂವತ್ತೊಂಬತ್ತು," ಎಂದರು ನಿರಂಜನ್.

ಇನ್ನೊಮ್ಮೆ ತೆಗೆದರು. ಸೆರಗುಗಳು ಮತ್ತೂ ಒಂದು ಗೇಣು ಇಳಿದವು. ಸಂಖ್ಯೆ ಮೂವತ್ತೊಂಬತ್ತೇ.

ಮೋನಿಕಾ ವೇದಿಕೆ ಹತ್ತಿದಳು. "ಸರ್, ಹೊರಗೆ ಜಗುಲಿ ಮೇಲೆ ನೋಡಿ. ನಿಮ್ಮದು, ಪಾದ್ರಿ ಅಯ್ಯನವರದ್ದು ಬಿಟ್ಟು ನಲವತ್ತೊಂದು ಜೊತೆ ಚಪ್ಪಲಿ ಇದಾವೆ. ಇವತ್ತು ಕೈಗೂಸು, ಬರಿಗಾಲಲ್ಲಿ ಬಂದೋರು ಯಾರೂ ಇಲ್ಲ. ಬೇಕಾದ್ರೆ ನೀವೇ ಎಣಿಸಿ."

"ಮೇಡಂ, ನೀವು ಸೈನ್ಸ್ ಟೀಚರ್ ಅಂತೆ. ಚಪ್ಪಲಿ ಎಣಿಸಿದ್ದನ್ನ ನಾನು ರಿಪೋರ್ಟಲ್ಲಿ ಬರೆಯೋಕಾಗುತ್ತಾ? ಆ್ಯಪ್ ಏನು ಹೇಳುತ್ತೋ ಅದೇ."

ಮೋನಿಕಾ ಪರದೆಯನ್ನು ದಿಟ್ಟಿಸಿ ನೋಡಿದಳು. ಸಿಕ್ಕ ಪ್ರತಿ ಮುಖದ ಸುತ್ತ ಆ್ಯಪ್ ಒಂದು ಹಸಿರು ಚೌಕ ಎಳೆದಿತ್ತು. ಸೆರಗು ಇಳಿಸಿಕೊಂಡವರು ಹದಿನಾಲ್ಕು ಜನ. ಅಲ್ಲಿ ಒಂದು ಚೌಕವೂ ಇಲ್ಲ. ಹಾಗಾದರೆ ಇಪ್ಪತ್ತೇಳು ಆಗಬೇಕಿತ್ತು. ಮಿಕ್ಕ ಹನ್ನೆರಡು ಎಲ್ಲಿಂದ ಬಂದವು? ಅವಳು ಚಿತ್ರವನ್ನು ಹಿಗ್ಗಿಸಿದಳು. ಹಿಂದಿನ ಗೋಡೆಯಲ್ಲಿ, ಬಾಗಿಲ ಮೇಲೆ, ಬಾಗಿಲಷ್ಟೇ ಅಗಲದ ಒಂದು ಪಟವಿತ್ತು: ಯೇಸುಸ್ವಾಮಿ ಹನ್ನೆರಡು ಮಂದಿ ಶಿಷ್ಯರೊಡನೆ ಕಡೆಯ ಊಟಕ್ಕೆ ಕುಳಿತದ್ದು. ಅಲ್ಲಿಯೂ ಪುಟ್ಟ ಪುಟ್ಟ ಹಸಿರು ಚೌಕಗಳು ಸಾಲಾಗಿ ಬಿದ್ದಿದ್ದವು.

ಸುಮ್ಮನಿರಬಹುದಿತ್ತು. ಆದರೆ ತಪ್ಪು ರೀಡಿಂಗ್ ಕಂಡರೆ ತಿದ್ದದೆ ಬಿಟ್ಟು ಅವಳಿಗೆ ಅಭ್ಯಾಸವಿರಲಿಲ್ಲ.

"ಸರ್, ಇದು ಗೋಡೆ ಮೇಲಿನ ಪಟಾನೂ ಎಣಿಸಿದೆ."

ನಿರಂಜನ್ ನೋಡಿದರು. ಒಂದು ಕ್ಷಣ ಮುಖದ ಬಣ್ಣ ಇಳಿಯಿತು. ಎಷ್ಟೋ ವರ್ಷಗಳ ಹಿಂದೆ ವಲಯದ ಸುವರ್ಣ ಮಹೋತ್ಸವಕ್ಕೆ ಇದೇ ಪಟವನ್ನು ಎಲ್ಲ ಸಭೆಗಳಿಗೂ ಕೊಡಿಸಿದ್ದವರು ಅವರೇ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲೆಡೆ ಆ್ಯಪ್ ಬಂದ ಈ ವರ್ಷ ಹಾಜರಿ ಏರಿದೆ ಎಂದು ವರದಿ ಬರೆದವರೂ ಅವರೇ. ಏರಿಕೆ ಎಲ್ಲ ಕಡೆಯೂ ಹದಿಮೂರರ ಆಸುಪಾಸು. ಈ ಸಮಾನತೆಯನ್ನು ಅವರು ವರದಿಯಲ್ಲಿ ವಿಶೇಷವಾಗಿ ಮೆಚ್ಚಿಕೊಂಡಿದ್ದರು.

"ಇಲ್ಲ ಮೇಡಂ," ಎಂದರು, ಎಲ್ಲರಿಗೂ ಕೇಳುವಂತೆ. "ಈ ಆ್ಯಪ್ ಪಟಗಿಟ ಎಣಿಸಲ್ಲ. ಜೀವಂತ ಇರೋರನ್ನ ಮಾತ್ರ ಎಣಿಸುತ್ತೆ."

ಸೆರಗಿನೊಳಗಿಂದ ಬರಗೇರಮ್ಮನ ದನಿ ಬಂತು. "ಹಂಗಾದ್ರೆ ಸರಿಯಾಗೇ ಎಣಿಸೈತೆ ಬಿಡ್ರಿ."

ಪಾದ್ರಿಗಳು ಕೆಮ್ಮಿದರು. ನಿರಂಜನ್ ಈ ಸಾಕ್ಷಿಯನ್ನು ಕೃತಜ್ಞತೆಯಿಂದ ಒಪ್ಪಿಕೊಂಡರು. "ಏನೇ ಆಗ್ಲಿ, ಒಂದು ಕಮ್ಮಿ ಇದೆ. ಅಜ್ಜಿ, ನೀವೊಬ್ರು ಮುಖ ತೋರಿಸಿದ್ರೆ ಸಾಕು, ಎಲ್ಲಾ ಸರಿಹೋಗುತ್ತೆ."

"ನನ್ನ ಮುಖ ಎಣಿಸಿ ಊರಿಗೆ ಬೇನೆ ಬಂದ್ರೆ ನೀವು ಬರ್ತೀರಾ ನೋಡ್ಕಳಾಕೆ?"

ಮೋನಿಕಾಳಿಗೆ ಇನ್ನೊಂದು ಸಂಗತಿ ಬಿಡಿಸಬೇಕಿತ್ತು. ಪಟದಲ್ಲಿರುವುದು ಹದಿಮೂರು ಜನ, ಚೌಕಗಳು ಹನ್ನೆರಡೇ. "ಒಬ್ಬನಿಗೆ ಮಾತ್ರ ಚೌಕ ಬಿದ್ದಿಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು, ಆದರೆ ಜೋರಾಗಿ.

ಎಲ್ಲರೂ ತಿರುಗಿ ಪಟ ನೋಡಿದರು. ಯಾರೆಂದು ಯಾರೂ ಕೇಳಲಿಲ್ಲ. ಶನಿವಾರ ಶನಿವಾರ ಸ್ಟೂಲು ತರಿಸಿ, ಒಬ್ಬರು ಹಿಡಿದುಕೊಂಡಿರಲು ಅದನ್ನು ಹತ್ತಿ, ಪಟದ ಗಾಜು ಒರೆಸುತ್ತಿದ್ದವರು ಬರಗೇರಮ್ಮ. ಬಸ್ಸಿಗೆ ಏಳದ ಕಾಲು ಈ ಒಂದು ಕೆಲಸಕ್ಕೆ ಏಳುತ್ತಿತ್ತು. ಬೆಳ್ಳಿ ನಾಣ್ಯದ ಆಸೆಗೆ ಗುರುವನ್ನೇ ಹಿಡಿದುಕೊಟ್ಟ ಯೂದನ ಮುಖವನ್ನು ಮಾತ್ರ ಅವರು ಎಂದೂ ಒರೆಸಿದವರಲ್ಲ. ಪಟ ಬಂದಂದಿನಿಂದ ಅಂಗೈ ಅಗಲದ ಆ ಜಾಗ ಬಿಟ್ಟು ಸುತ್ತಲೂ ಒರೆಸುತ್ತ ಬಂದಿದ್ದರು. ಧೂಳು, ಮೇಣದಬತ್ತಿಯ ಹೊಗೆ ಎಲ್ಲ ಸೇರಿ ಅವನ ಮುಖದ ಮೇಲೆ ಕಂದು ಬಣ್ಣದ ಹೆಪ್ಪುಗಟ್ಟಿತ್ತು.

"ಆ ದ್ರೋಹಿ ಒಬ್ಬ ಕಮ್ಮಿ ಬಿದ್ದಿದ್ದಾ?" ಎಂದರು ಬರಗೇರಮ್ಮ.

"ಹೂಂ ಅಜ್ಜಿ."

"ಅವ ಬಂದ್ರೆ ಗುಡಿ ಉಳಿತೈತಾ?"

ಮೋನಿಕಾ ವೇದಿಕೆಯಿಂದ ಇಳಿದು ಮುಂದಿನ ಸಾಲಿನ ತನ್ನ ಜಾಗಕ್ಕೆ ಹೋದಳು. ವಿಜ್ಞಾನ ಇದಕ್ಕೆ ಅವಳಿಗೆ ಏನನ್ನೂ ಕಲಿಸಿರಲಿಲ್ಲ.

ಬರಗೇರಮ್ಮನ ಮುಂದೆ ಈಗ ಎರಡೇ ದಾರಿ. ಮುಖ ಎತ್ತುವುದೋ, ಅವನ ಮುಖ ಒರೆಸುವುದೋ. ಎರಡೂ ಅವರು ಜನ್ಮದಲ್ಲಿ ಮಾಡದ ಕೆಲಸ. ಕೊನೆಗೆ ಪಕ್ಕದವಳ ಭುಜ ಹಿಡಿದು ಎದ್ದರು. "ಸ್ಟೂಲು ತರ್ರಿ ಯಾರಾರ."

ಸ್ಟೂಲು ಬಂತು. ಇಬ್ಬರು ಹಿಡಿದುಕೊಂಡರು. ಅವರು ಸೆರಗಿನ ತುದಿಗೆ ಬಾಯಿಂದ ಹಬೆ ಊದಿ, ಗಾಜಿನ ಆ ಮೂಲೆಯನ್ನು ಉಜ್ಜತೊಡಗಿದರು. ಮೊದಲು ಒಂದು ಕಿವಿ, ಆಮೇಲೆ ಮೂಗು ಹೊರಬಂತು. ಅಲ್ಲಿದ್ದ ಚಿಕ್ಕವರಲ್ಲಿ ಅರ್ಧದಷ್ಟು ಮಂದಿ ಆ ಮುಖವನ್ನು ನೋಡುತ್ತಿದ್ದುದು ಅದೇ ಮೊದಲು. ಉಳಿದವರ ಮುಖಗಳಂತೆಯೇ ಇತ್ತು; ಸ್ವಲ್ಪ ಹಸಿದಂತೆ ಕಾಣುತ್ತಿತ್ತು, ಅಷ್ಟೆ.

"ನಿನ್ನ ಮ್ಯಾಲಿನ ಪ್ರೀತಿಗಲ್ಲ ಇದು, ತಿಳ್ಕ," ಎಂದು ಅವನಿಗೆ ಹೇಳಿ, ಬರಗೇರಮ್ಮ ಇಳಿದು ತಮ್ಮ ಜಾಗದಲ್ಲಿ ಕುಳಿತು ಸೆರಗು ಎಳೆದುಕೊಂಡರು.

ಸ್ಟೂಲು ಹಿಡಿದವರೂ ಹೋಗಿ ಕುಳಿತ ಮೇಲೆ ನಿರಂಜನ್ ಫೋಟೋ ತೆಗೆದರು. "ನಲವತ್ತು!" ಎಂದ ಅವರ ದನಿಯಲ್ಲಿ ಉಳಿದ ಯಾರಿಗಿಂತಲೂ ಹೆಚ್ಚು ನೆಮ್ಮದಿಯಿತ್ತು.

ಮೋನಿಕಾ ಹಾಜರಿ ವರದಿಗೆ ಸಹಿ ಹಾಕಿದಳು. ನಿಜವಾದ ಸಂಖ್ಯೆ ನಲವತ್ತೊಂದು, ಯಂತ್ರ ಹೇಳಿದ್ದು ನಲವತ್ತು. ದೋಷ ಬಹಳ ಸಣ್ಣದು. ಆದರೂ ತನ್ನ ತರಗತಿಯಲ್ಲಿ ಯಾರಾದರೂ ಇಂಥ ಹಾದಿಯಲ್ಲಿ ಇಂಥ ಉತ್ತರಕ್ಕೆ ಬಂದಿದ್ದರೆ ಅವಳು ಒಂದು ಅಂಕವನ್ನೂ ಕೊಡುತ್ತಿರಲಿಲ್ಲ.

ಚರ್ಚು ಉಳಿಯಿತು. ಪ್ರತಿ ಭಾನುವಾರ ಅದೇ ಜಾಗದಿಂದ, ಅದೇ ಕೋನದಲ್ಲಿ ಫೋಟೋ ತೆಗೆದು ಕಳಿಸಬೇಕೆಂದು ಮತ್ತೊಂದು ಸುತ್ತೋಲೆ ಬಂತು. ಗೋಡೆಯ ಮೇಲಿನ ಯಾವುದನ್ನೂ ಸ್ಥಳಾಂತರಿಸಕೂಡದು ಎಂಬ ಸಾಲು ಅದರ ಕೊನೆಯಲ್ಲಿ, ಯಾವ ಕಾರಣವನ್ನೂ ಕೊಡದೆ, ಸೇರಿತ್ತು.

ಆ ಶನಿವಾರ ಮೋನಿಕಾ ಸ್ಟೂಲು ಹಿಡಿದುಕೊಂಡು ನಿಂತಿದ್ದಳು. ಬರಗೇರಮ್ಮ ಪಟ ಒರೆಸುತ್ತ ಸ್ವಾಮಿಯಿಂದ ಶುರುಮಾಡಿ, ಒಬ್ಬೊಬ್ಬರನ್ನೇ ದಾಟಿ, ಕಡೆಗೆ ಆ ಮೂಲೆಗೆ ಬಂದರು. ಬಟ್ಟೆ ಸ್ವಲ್ಪ ತಡೆಯಿತು. ಆಮೇಲೆ ಒಂದೇ ಏಟಿಗೆ ಗಾಜಿನ ಮೇಲೆ ಹರಿಯಿತು.

"ಲೇ," ಎಂದರು ಅವನಿಗೆ, ಮುಖ ಸಿಂಡರಿಸಿ, "ನಾಳೆ ತಪ್ಪಿಸ್ಕಬ್ಯಾಡ, ನೋಡು ಮತ್ತೆ."