ಇಟಗಿ ಗುಡಿಯಲ್ಲಿ ಊಟ

ಗಂಡ ತೀರಿಕೊಂಡಾಗ ಕಳಕಮ್ಮನಿಗೆ ಇನ್ನೂ ಎಳೆಯ ವಯಸ್ಸು. ಆಮೇಲೆ ಕೊಪ್ಪಳದ ಹೊಲಿಗೆ ಕೇಂದ್ರವೊಂದರಲ್ಲಿ ಕಲಿಸುವ ಕೆಲಸ ಸಿಕ್ಕು, ಭಾಗ್ಯನಗರದಲ್ಲಿ ಒಂದು ಖೋಲಿ ಹಿಡಿದು ಒಬ್ಬಳೇ ಇದ್ದಳು. ಎಂಬತ್ತೆರಡನೇ ಇಸವಿಯ ದಸರೆಯ ಹೊತ್ತಿಗೆ ಬೀಜದ ಅಂಗಡಿಯ ಈಶಪ್ಪ ಮಗಳ ಲಂಗ ಹೊಲಿಸಲು ಕೇಂದ್ರಕ್ಕೆ ಬಂದ. ಅವನ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಲಂಗ ಒಯ್ದ ಮೇಲೂ ಮತ್ತೆ ಮತ್ತೆ ಬಂದ. ಗಂಡ ಹೇಗೆ ಸತ್ತ ಎಂದು ಉಳಿದವರೆಲ್ಲ ಕೇಳುತ್ತಿದ್ದರು. ಇವನು, ಸಂಜೆ ಹೊತ್ತು ಹೇಗೆ ಕಳೆಯುತ್ತೀರಿ ಎಂದು ಕೇಳಿದ. ಅದು ಅವಳ ಮನಸ್ಸಿಗೆ ಹಿಡಿಸಿತು.

ಇಟಗಿಯ ಹಳೇ ಗುಡಿ ನೋಡಿಲ್ಲ ಎಂದು ಅವಳು ಅಂದದ್ದೇ ತಡ, ರವಿವಾರ ಹೋಗೋಣ ಎಂದ. ಅವಳು ನಸುಕಿನಲ್ಲೆದ್ದು ರೊಟ್ಟಿ ಬಡಿದು, ಬದನೆಕಾಯಿ ಎಣ್ಣಿಗಾಯಿ ಮಾಡಿಕೊಂಡಳು. ಬಸ್ಸಿನಲ್ಲಿ ಅವನು ಬೇರೆ ಸೀಟಿನಲ್ಲಿ ಕೂತ. ಮರ್ಯಾದೆಗೆ ಹಾಗೆ ಎಂದುಕೊಂಡಳು.

ಸುತ್ತಲಿನ ಸಣ್ಣ ಗುಡಿಗಳ ಮಾಡು ಕುಸಿದಿತ್ತು, ಒಳಗೆ ಜಾಲಿ ಬೆಳೆದಿತ್ತು. ದೊಡ್ಡ ಗುಡಿಯ ಕಂಬಗಳು ಮಾತ್ರ ಇನ್ನೂ ನುಣುಪಾಗಿದ್ದವು. ಕಂಬಕ್ಕೊರಗಿ ಈಶಪ್ಪ ಮೆಲ್ಲಗೆ ಹೇಳಿದ, "ಮನಿ ಅಂದಮ್ಯಾಲ ಮಾತಾಡಾಕ ಒಬ್ಬರು ಬೇಕ್ರಿ. ನಿಮ್ಮಂಥವ್ರು ಇದ್ರ ಛಲೋ ಇರ್ತಿತ್ತು." ಎಷ್ಟೋ ವರ್ಷಗಳ ಮೇಲೆ ಅವಳ ಮನಸ್ಸು ಹಗುರಾಯಿತು.

ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಅವನ ಅಣ್ಣನ ಹೆಂಡತಿ ಶಿವಬಸಮ್ಮ ನೆಂಟರನ್ನು ಕರೆದುಕೊಂಡು ಗುಡಿ ನೋಡಲು ಬಂದಿದ್ದಳು. ಈಶಪ್ಪ ಕಂಬ ಬಿಟ್ಟು ದೂರ ಸರಿದ. ಕಳಕಮ್ಮನನ್ನು ನೋಡಿ, ಇವರು ಯಾರು ಎಂದು ಶಿವಬಸಮ್ಮ ಅವನನ್ನು ಕೇಳಿದಳು.

"ಯಾರೋ ಏನೋ, ವೈನಿ. ನನಗ ಗುರುತಿಲ್ಲ."

ಶಿವಬಸಮ್ಮ ಒಳ್ಳೆಯವಳು. ಒಂಟಿ ಹೆಂಗಸು ಎಂದು ಕಳಕಮ್ಮನನ್ನು ಕೈಹಿಡಿದು ಊಟಕ್ಕೆ ಕೂಡಿಸಿಕೊಂಡಳು, ಏನು ಕೆಲಸ, ಎಲ್ಲಿ ಎಂದು ವಿಚಾರಿಸಿದಳು. ಕಳಕಮ್ಮನೂ ತನ್ನ ಬುತ್ತಿ ಬಿಚ್ಚಬೇಕಾಯಿತು. ಅದರೊಳಗಿನ ಎಣ್ಣಿಗಾಯಿಯನ್ನು ಶಿವಬಸಮ್ಮ ಮೈದುನನಿಗೂ ಬಡಿಸಿದಳು. ಅವನು ತಲೆ ಎತ್ತದೆ ಉಂಡ.

"ಇವಗ ಸತ್ತಾಕಿ ತಂಗೀನ್ನ ತಗೋತೀವ್ರಿ," ಎಂದಳು ಶಿವಬಸಮ್ಮ. "ಶ್ರಾವಣದಾಗ ಮಾತು ಮುಗದೈತಿ. ತಾನ ಒಪ್ಯಾನ."

"ಛಲೋ ಆತು ಬಿಡ್ರಿ," ಎಂದಳು ಕಳಕಮ್ಮ.

ಈಶಪ್ಪ ಟ್ರ್ಯಾಕ್ಟರ್ ಹತ್ತಿ ಹೋದ. ಅವಳು ಬಸ್ಸಿಗೆ ಕಾಯುತ್ತ ರಸ್ತೆಯಲ್ಲಿ ನಿಂತಳು. ಲಗ್ನದ ಸುದ್ದಿಗಿಂತ, ತನ್ನ ಕೈಯಡುಗೆಯನ್ನು ಅವನು ಯಾರದೋ ಎಂಬಂತೆ ಉಂಡದ್ದು ಅವಳನ್ನು ಸುಡುತ್ತಿತ್ತು.

ವಾರದೊಳಗೆ ಅವನು ಕೇಂದ್ರಕ್ಕೆ ಬಂದ. ಹಿರಿಯರ ಮಾತು ಮುರಿಯಲಾಗಲಿಲ್ಲ, ಅದನ್ನು ತಿಳಿಸಬೇಕೆಂದೇ ಇಟಗಿಗೆ ಕರೆದೊಯ್ದಿದ್ದೆ ಎಂದ.

"ನಿಮ್ಮ ವೈನಿ ತಿಳಿಸ್ಯಾರ," ಎಂದಳು. "ಇನ್ನ ಈ ಕಡೆ ಬರಬ್ಯಾಡ್ರಿ."

ಅವನು ಬರಲಿಲ್ಲ. ಬಂದವಳು ಶಿವಬಸಮ್ಮ. ಮದುಮಗಳ ಕುಪ್ಪಸದ ಬಟ್ಟೆ ತಂದು, ನೀವೇ ಹೊಲಿಯಬೇಕು ಎಂದು ನಗುತ್ತ ನಿಂತಳು. ಕಳಕಮ್ಮ ಮಷಿನ್ ನಿಲ್ಲಿಸದೆ, ಪುರಸತ್ತಿಲ್ಲ, ಬೇರೆ ಕಡೆ ಕೊಡಿರಿ ಎಂದುಬಿಟ್ಟಳು. ಶಿವಬಸಮ್ಮನ ಮುಖ ಸಪ್ಪಗಾಯಿತು. ಯಾವ ತಪ್ಪಿಗೆ ಹೀಗೆ ಎಂದು ತಿಳಿಯದೆ ಬಟ್ಟೆ ಮಡಚಿಕೊಂಡು ಹೋದಳು. ಕಳಕಮ್ಮ ಅವಳನ್ನು ಹಿಂದಕ್ಕೆ ಕರೆಯಲಿಲ್ಲ.